ವಲ್ಲಿಯ ಕೆಳಗಿನ ಕೈ

ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಆಗಲೇ ಚಕ್ಕಡಿಗಳು ಸಾಲುಗಟ್ಟಿ ನಿಂತಿದ್ದವು. ಬೈರಿದೇವರಕೊಪ್ಪದ ದಾನವ್ವನ ಚಕ್ಕಡಿಯೂ ಅದರಲ್ಲಿ ಒಂದು. ಮೈದುನ ಶಾಂತಯ್ಯ ನೊಗದಿಂದ ಎತ್ತುಗಳ ಕೊಳ್ಳ ಹರಿದು ಅವಕ್ಕೆ ಮೇವು ಹಾಕುತ್ತಿದ್ದ. ದಾನವ್ವ ಹತ್ತಿಯ ಅಂಡಿಗೆಗಳ ನಡುವೆ ಸೆರಗು ಬಿಗಿದುಕೊಂಡು ಕೂತು ಅವನ ಕೈಯನ್ನೇ ನೋಡುತ್ತಿದ್ದಳು. ಮೇವು ಹಾಕುವ ಕೈಯಲ್ಲಿ ನೋಡುವಂಥದ್ದೇನಿದೆ ಎಂದು ನೀವು ಕೇಳಬಹುದು. ಆ ಕೈಯ ಮೇಲೆ ದಾನವ್ವನಿಗೆ ಸಂಶಯ ಹುಟ್ಟಿ ಹತ್ತು ವರ್ಷದ ಮೇಲಾಗಿತ್ತು. ಹುಟ್ಟಿದ್ದಕ್ಕೆ ದಿನಾ ಅಷ್ಟಷ್ಟು ಉಣಿಸಿ ಅವಳೇ ಅದನ್ನು ದೊಡ್ಡದು ಮಾಡಿದ್ದಳು.

ಗಂಡ ತೀರಿಕೊಂಡ ಮೇಲೆ ಅವಳ ಹೊಲವನ್ನು ಶಾಂತಯ್ಯನೇ ಅರ್ಧ ಪಾಲಿಗೆ ಬಿತ್ತಿ ಬೆಳೆದು, ಹತ್ತಿ ಮಾರಿ, ಅವಳ ಪಾಲನ್ನು ತಂದು ಕೈಗಿಡುತ್ತಿದ್ದ. ಪೇಟೆಯಲ್ಲಿ ಧಾರಣೆ ಮಾತಾಡುತ್ತಿದ್ದುದು ಬಾಯಿಂದಲ್ಲ. ದಲಾಲಿ ಹೆಗಲ ಮೇಲಿನ ವಸ್ತ್ರ, ಅಂದರೆ ವಲ್ಲಿಯನ್ನು ತೆಗೆದು ತನ್ನ ಮತ್ತು ರೈತನ ಕೈಗಳ ಮೇಲೆ ಹೊದಿಸುತ್ತಿದ್ದ. ಅದರಡಿ ಬೆರಳು ಹಿಡಿದರೆ ರೂಪಾಯಿ, ಗೆಣ್ಣು ಒತ್ತಿದರೆ ಆಣೆ. ಹಿಡಿದವನಿಗೆ ಗೊತ್ತು, ಹಿಡಿಸಿಕೊಂಡವನಿಗೆ ಗೊತ್ತು. ಮೂರನೆಯವರಿಗೆ ಶಿವನೇ ಗತಿ. ಹೆಣ್ಣುಮಗಳು ಪೇಟೆಯ ನಡುವೆ ಪರಗಂಡಸಿನ ಬೆರಳು ಹಿಡಿಯುವುದುಂಟೇ? ಹೀಗಾಗಿ ಪ್ರತಿ ವರ್ಷ ದಾನವ್ವ ಚಕ್ಕಡಿಯಲ್ಲೇ ಕೂತು, ವಲ್ಲಿಯ ಕೆಳಗೆ ಏನೋ ಮಿಸುಕಾಡುವುದನ್ನು ನೋಡಿ, ಶಾಂತಯ್ಯ ಹೇಳಿದ ಧಾರಣೆಯನ್ನು ಕೇಳಿಕೊಂಡು ಊರಿಗೆ ಮರಳುತ್ತಿದ್ದಳು.

ಊರಿಗೆ ಬಂದರೆ ಅಲ್ಲಿ ಗಂಗಪ್ಪ. ಅವಳ ಹೊಲದ ಬದುವಿಗೆ ಹಚ್ಚಿಯೇ ಅವನ ಹೊಲ. ಕಟ್ಟೆಯ ಮೇಲೆ ಕೂತು ಮೀಸೆ ತೀಡುತ್ತ ಅವನು ಹೇಳುತ್ತಿದ್ದ: "ನನ್ನ ಹತ್ತಿಗೆ ಅಂಡಿಗಿಗೆ ಮೂರು ರೂಪಾಯಿ ಹೆಚ್ಚು ಬಂತ ನೋಡವಾ. ಒಂದ ಮಣ್ಣು, ಒಂದ ಬೀಜ! ನಿನ್ನ ಮೈದುನ ಏನ್ ಮಾಡತಾನೋ ಆ ಶಿವನ ಬಲ್ಲ. ನಾ ಹೆಚ್ಚಿಗಿ ಹೇಳಾಕ ಬರಂಗಿಲ್ಲ."

ಹೆಚ್ಚಿಗೆ ಹೇಳುವುದಿಲ್ಲ ಎನ್ನುತ್ತಲೇ ಹೇಳಬೇಕಾದ್ದನ್ನೆಲ್ಲ ಹೇಳಿ ಎದ್ದು ಹೋಗುತ್ತಿದ್ದ. ದಾನವ್ವ ಒಲೆ ಬೇರೆ ಮಾಡಿಕೊಂಡಳು. ನೀರು ಸೇದುವಲ್ಲಿ, ಕಾಳು ಹಸನು ಮಾಡುವಲ್ಲಿ, "ನಮ್ಮ ಮೈದುನನ ಕೈ ಸ್ವಚ್ಛ ಇಲ್ಲವಾ" ಎಂದು ಪಿಸುಗುಟ್ಟಿದಳು. ಮಾತು ಊರೆಲ್ಲ ಸುತ್ತಿತು. ಶಾಂತಯ್ಯನ ಎದುರಿಗೆ ಮಾತ್ರ ಅವಳು ಒಮ್ಮೆಯೂ ಬಾಯಿ ಬಿಡಲಿಲ್ಲ.

ಈ ಸಲ ಗಂಗಪ್ಪ ಆ ಹೊಲವನ್ನು ತನಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡು ಎಂದು ಕೇಳಿದ್ದ. ದಾನವ್ವ ಮನಸ್ಸಿನಲ್ಲಿ ಹೂಂ ಅಂದಾಗಿತ್ತು. ಇಂದಿನ ವ್ಯಾಪಾರದಲ್ಲಿ ಮೈದುನನ ಕಳ್ಳತನ ಬಯಲಿಗೆ ಬಂದರೆ ಸಂಜೆಗೇ ಮಾತು ಕೊಡುವವಳಿದ್ದಳು. ಆ ಹೊಲ ಕೈತಪ್ಪಿದರೆ ಶಾಂತಯ್ಯನ ಎತ್ತುಗಳಿಗೆ ಕೆಲಸವಿಲ್ಲ, ಮಕ್ಕಳಿಗೆ ವರ್ಷದ ಜೋಳವಿಲ್ಲ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಬಂದಿದ್ದಳು.

ಬಯಲಿಗೆ ಬರುವ ದಾರಿ ಮಾಡಿದವರು ಮುನಸಿಪಾಲ್ಟಿಯ ಹೊಸ ಅಧ್ಯಕ್ಷ ಏಕನಾಥಸಾ. ಪೇಟೆಯ ಬಯಲಿನಲ್ಲಿ ಇನ್ನು ವಲ್ಲಿ ಹೊದಿಸಿ ವ್ಯಾಪಾರ ಮಾಡಕೂಡದು, ಧಾರಣೆಯನ್ನು ಎಲ್ಲರಿಗೂ ಕೇಳುವಂತೆ ಕೂಗಬೇಕು, ಹತ್ತಿ ಯಾರದೋ ಅವರೇ ಬಾಯಿ ಬಿಟ್ಟು 'ಕೊಟ್ಟೆ' ಅಥವಾ 'ಒಲ್ಲೆ' ಅನ್ನಬೇಕು, ಗಂಡಾಗಲಿ ಹೆಣ್ಣಾಗಲಿ. ಇದು ಅವರು ಮಾಡಿಸಿದ ಠರಾವು.

ಹಾಗೆಂದು ಏಕನಾಥಸಾ ಅವರ ಮೇಲೆ ದಾನವ್ವನಿಗೆ ನಂಬಿಕೆಯಿತ್ತೇ? ಎಲ್ಲಿಯದು! ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಕುಣಿಯಿಂದೆದ್ದು ಪೇಟೆಗೆ ಬಂದು, ಇದೇ ಬಯಲಿನಲ್ಲಿ ವರ್ಷಗಟ್ಟಲೆ ದಲಾಲಿ ಮಾಡಿ, ಇದೇ ವಲ್ಲಿಯ ಕೆಳಗೆ ಕೈಯಾಡಿಸಿ ಮಾಳಿಗೆ ಮನೆ ಕಟ್ಟಿಸಿದ ಮನುಷ್ಯ ಅವರು. ಅವರು ಏನು ಮಾಡಿದರೂ ಊರು ಅದನ್ನು ಹಿಂದೆ ಮುಂದೆ ತಿರುವಿ ನೋಡುತ್ತಿತ್ತು. ಕೇಶ್ವಾಪುರಕ್ಕೆ ನಳ ಹಾಕಿಸಿದರೆ, ಅಲ್ಲಿ ಜಾಗ ಕೊಂಡಿರಬೇಕು ಅಂದರು. ನೇಕಾರರ ಓಣಿಯಲ್ಲಿ ಹೆಣ್ಣುಮಕ್ಕಳ ಸಾಲೆ ತೆಗೆದರೆ, ಮುಂದಿನ ಚುನಾವಣೆಯ ತಯಾರಿ ಅಂದರು. ಪೇಟೆಯಲ್ಲಿ ದನಗಳಿಗೆ ನೀರಿನ ತೊಟ್ಟಿ ಕಟ್ಟಿಸಿದ್ದಕ್ಕೂ, "ಎತ್ತಿನ ಓಟೂ ಬೇಕಾಗ್ಯಾವೇನು ಇವರಿಗೆ?" ಎಂದು ನಕ್ಕರು. ಈ ಠರಾವು ಬಂದಾಗಂತೂ ದಲಾಲಿ ಹುಚ್ಚಪ್ಪ ಹಳ್ಳಿ ಹಳ್ಳಿ ತಿರುಗಿ, "ಸರಕಾರದವರು ಧಾರಣಿ ಕೇಳಿಸ್ಕೊಂಡು ಕಂದಾಯ ಏರಸ್ತಾರ, ಹುಷಾರ್!" ಎಂದು ಸಾರಿ ಬಂದಿದ್ದ.

ಕರಿ ಟೊಪ್ಪಿಗೆಯ ಏಕನಾಥಸಾ ಚಕ್ಕಡಿಗಳ ನಡುವೆ ನಡೆಯುತ್ತ ದಾನವ್ವನ ಹತ್ತಿರ ನಿಂತು, "ಯಾವೂರ್ರಿ ಅವ್ವಾರ?" ಎಂದರು.

"ಬೈರಿದೇವರಕೊಪ್ಪ," ಎಂದಳು ದಾನವ್ವ. ಅಷ್ಟಕ್ಕೆ ಬಿಡಲಿಲ್ಲ. "ನಮ್ಮವರಿದ್ದಾಗ ನಿಮ್ಮ ವಲ್ಲಿ ಕೆಳಗ ಹತ್ತಿ ಮಾರತಿದ್ರು. ಆವಾಗ ಕೂಗಬೇಕು ಅಂತ ನಿಮಗ ಅನಿಸಿದ್ದಿಲ್ಲೇನ್ರಿ? ತಾವು ಹೊಟ್ಟಿ ತುಂಬ ಉಂಡು, ಕೈ ತೊಳಕೊಂಡು, ಈಗ ಮಂದಿ ಉಣ್ಣೂ ಗಂಗಾಳ ಎಳಿಯಾಕ ಬಂದೀರಲ್ಲ!"

"ವೈನಿ!" ಎಂದು ಅತ್ತಿಗೆಯ ಮಾತಿಗೆ ಶಾಂತಯ್ಯ ಗಾಬರಿಯಾದ.

ಏಕನಾಥಸಾ ಅವರ ಮುಖ ಕೆಂಪಾಯಿತು. ಆದರೂ ಹೋಗಲಿಲ್ಲ. "ಉಂಡಿಲ್ಲ ಅಂತ ಹ್ಯಾಂಗ ಹೇಳ್ಲಿರಿ? ಒಂದ ಮಾತು ಕೇಳ್ರಿ. ಖರೇ ಧಾರಣಿ ಕೊಟ್ಟ ದಿನಾನೂ ರೈತರು ನನ್ನ ಕಳ್ಳನ್ನ ನೋಡಿದಂಗ ನೋಡತಿದ್ರು. ಅಂಗಡ್ಯಾಗ ನಮ್ಮಣ್ಣನ ಪಾಲಿತ್ತು, ಅವನೂ ಹಂಗ ನೋಡತಿದ್ದ. ಸಾಯೂತನಕ ಅವ ನನ್ನ ನಂಬಲಿಲ್ಲ."

"ಮಾತು ಛಲೋ ಕಲತೀರಿ."

"ದಲಾಲಿ ಅಲ್ಲೇನ್ರಿ, ಮಾತು ಬರಬೇಕಲ್ಲ," ಎಂದು ಏಕನಾಥಸಾ ನಕ್ಕು ಮುಂದೆ ನಡೆದರು. ದಾನವ್ವ ಅವರ ಬೆನ್ನನ್ನೂ ಸಂಶಯದಿಂದಲೇ ನೋಡಿದಳು.

ಕೂಗು ಸುರುವಾಯಿತು. ಮುನಸಿಪಾಲ್ಟಿಯ ಡಂಗುರದ ಫಕ್ರುಸಾಬ ಸ್ಟೂಲಿನ ಮೇಲೆ ನಿಂತಿದ್ದ. ವ್ಯಾಪಾರಸ್ಥರು ದಾನವ್ವನ ಹತ್ತಿಯನ್ನು ಚಿವುಟಿ, ಎಳೆ ಜಗ್ಗಿ ನೋಡಿ ಧಾರಣೆ ಹೇಳಿದರು. ಅವನು ಒಂದೊಂದನ್ನೂ ಬಯಲಿಗೆಲ್ಲ ಕೇಳುವಂತೆ ಕೂಗಿದ. ಅಂಡಿಗೆಗೆ ಇಪ್ಪತ್ತಾರು ರೂಪಾಯಿ, ಇಪ್ಪತ್ತೇಳು, ಇಪ್ಪತ್ತೆಂಟು. ಮುಂದೆ ಯಾರೂ ಏರಿಸಲಿಲ್ಲ. ಹೋದ ವರ್ಷ ಶಾಂತಯ್ಯ ಹೇಳಿದ ಧಾರಣೆಯೂ ಇಪ್ಪತ್ತೆಂಟೇ. ಇವರೆಲ್ಲ ಒಳಗೊಳಗೇ ಒಂದಾಗಿದ್ದಾರೆ ಎನಿಸಿತು ದಾನವ್ವನಿಗೆ. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಯವ್ವಾ, ಗಂಟಲದಾಗ ಹತ್ತಿ ಸಿಕ್ಕೊಂಡೈತೇನ?" ಎಂದ ದಲಾಲಿ ಹುಚ್ಚಪ್ಪ.

"ಕೊಟ್ಟೆ!" ಎಂದಳು ದಾನವ್ವ. ಮೇವು ತಿನ್ನುತ್ತಿದ್ದ ಎತ್ತುಗಳು ತಲೆಯೆತ್ತಿದವು.

ಮುಂದಿನ ಚಕ್ಕಡಿ ಗಂಗಪ್ಪನದು. ಗಂಗಪ್ಪ ಮಾತ್ರ ಚಕ್ಕಡಿಯ ಹಿಂದೆ ಹುಚ್ಚಪ್ಪನ ತೋಳು ಹಿಡಿದು ಏನೋ ಗೋಗರೆಯುತ್ತಿದ್ದ. ಫಕ್ರುಸಾಬ ಕರೆದಾಗ, "ನಂದು ಇವತ್ತು ಬ್ಯಾಡಪಾ, ಹೊಟ್ಟಿ ಕಡಿಯಾಕತ್ತೈತಿ, ನಾಳೆ ನೋಡೂಣು," ಎಂದ.

ದಾನವ್ವನ ಸಂಶಯ ಮೊದಲ ಸಲ ಬೇರೆ ಕಡೆ ಹೊರಳಿತು. ಪ್ರತಿ ವರ್ಷ ಎಲ್ಲರಿಗಿಂತ ಹೆಚ್ಚು ತೆಗೆದುಕೊಳ್ಳುವವನಿಗೆ ಕೂಗಿದರೆ ಏನು ಕಷ್ಟ? "ಗಂಗಪ್ಪಣ್ಣ, ನಿಂದು ಮೂರು ರೂಪಾಯಿ ಹೆಚ್ಚಿನ ಹತ್ತಿ ಅಲ್ಲ! ಕೂಗಸು. ನಾನೂ ಒಂದ್ಸಲ ಕಿವಿತುಂಬ ಕೇಳತೇನಿ," ಎಂದಳು.

ಮಂದಿ ತಿರುಗಿ ನೋಡಿದರು. ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ. ಫಕ್ರುಸಾಬ ಕೂಗಿದ, ಧಾರಣೆ ಇಪ್ಪತ್ತೇಳಕ್ಕೆ ಬಂದು ನಿಂತಿತು. ಗಂಗಪ್ಪ ಮೀಸೆಗೆ ಕೈಹಾಕಿ, "ಇದೇನ್ ಅನ್ಯಾಯ! ಹುಚ್ಚಪ್ಪಾ, ಪ್ರತಿ ವರ್ಷ ನಾ ಎಷ್ಟಕ್ಕ ಕೊಡತಿದ್ದೆ, ನೀನರ ಹೇಳಪಾ," ಎಂದು ಕಣ್ಣು ಮಿಟುಕಿಸಿದ.

ವಲ್ಲಿಯ ವ್ಯಾಪಾರ ಹೋಯಿತೆಂದು ಹುಚ್ಚಪ್ಪನಿಗೆ ಬೆಳಿಗ್ಗೆಯಿಂದ ಮೈಯೆಲ್ಲ ಉರಿಯುತ್ತಿತ್ತು. ಆ ಸಿಟ್ಟು ಸಿಕ್ಕವನ ಮೇಲೆ ಬಿತ್ತು. "ಎಷ್ಟಕ್ಕಂದ್ರ? ಹೋದ ವರ್ಷ ಇಪ್ಪತ್ತೇಳಕ್ಕ ಕೊಟ್ಟಿಲ್ಲೇನು? ಶಾಂತಯ್ಯಗ ಇಪ್ಪತ್ತೆಂಟು, ನಿನಗ ಇಪ್ಪತ್ತೇಳು. ಯಾವತ್ತೂ ನಿಂದು ಅವನಕಿಂತ ಒಂದು ಕಡಿಮಿನ. ತೂಕ ಬರಲಿ ಅಂತ ನೀರು ಹೊಡದು ತರತಿ, ಅದಕ್ಕ ಬಂಗಾರ ಸುರೀಬೇಕೇನು?"

ಬಯಲೆಲ್ಲ ಗೊಳ್ಳೆಂದು ನಕ್ಕಿತು. ದಾನವ್ವ ನಗಲಿಲ್ಲ. ಕಟ್ಟೆಯ ಮೇಲಿನ ಆ ಮೂರು ರೂಪಾಯಿ ಯಾವ ವರ್ಷವೂ ಇರಲಿಲ್ಲ. ವಲ್ಲಿಯ ಕೆಳಗಿನದು ಯಾರಿಗೂ ಕಾಣದೆಂದು ಅವನು ಬಾಯಿಗೆ ಬಂದಷ್ಟು ಹೇಳಿದ್ದ, ಇವಳು ನಂಬಿದ್ದಳು. ಮನೆಯವನನ್ನು ಬಿಟ್ಟು ಕಟ್ಟೆಯವನನ್ನು ನಂಬಿದ್ದಳು.

"ಶಾಂತಯ್ಯಾ," ಎಂದಳು. "ನಾ ಊರಾಗ ನಿನಗ ಏನಂತಿದ್ದೆ, ಗೊತ್ತೈತೇನು?"

"ಗೊತ್ತೈತ್ರಿ ವೈನಿ."

"ಮತ್ತ ಒಂದಿನಾನೂ ನನ್ನ ಕೂಡ ಜಗಳ ಯಾಕ ತಗೀಲಿಲ್ಲ?"

"ತಗದು ಏನ್ ತೋರಿಸಬೇಕಿತ್ರಿ?" ಶಾಂತಯ್ಯ ಹಗ್ಗ ಸುತ್ತುತ್ತ ತಲೆ ಎತ್ತದೆ ಹೇಳಿದ. "ವಲ್ಲಿ ಕೆಳಗಿನ ಕೈಗೆ ಸಾಕ್ಷಿ ಎಲ್ಲಿಂದ ತರ್ಲಿ? ದೊಡ್ಡವ್ವ ಯಾಕ ನಮ್ಮನ್ನ ಉಣ್ಣಾಕ ಕರಿಯಂಗಿಲ್ಲ ಅಂತ ಹುಡುಗೂರು ಕೇಳತಿದ್ವು. ಅದೊಂದಕ್ಕ ಏನ್ ಹೇಳಬೇಕೋ ತಿಳೀತಿದ್ದಿಲ್ಲ."

ದಾನವ್ವನಿಗೆ ದುಃಖ ಒತ್ತರಿಸಿ ಬಂತು. ಅಷ್ಟು ಮಂದಿಯ ನಡುವೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಚಕ್ಕಡಿಯಿಂದಿಳಿದು ನೇರ ಫಕ್ರುಸಾಬನ ಸ್ಟೂಲಿನ ಮುಂದೆ ಹೋಗಿ ನಿಂತಳು.

"ಫಕ್ರುಸಾಬಣ್ಣ, ಇನ್ನೊಂದ ಕೂಗೋದೈತಿ. ನಮ್ಮ ಮೈದುನ ಶಾಂತಯ್ಯ ಖರೇ ಧಾರಣಿ ತಂದುಕೊಟ್ಟಾನ, ಅವನ್ನ ಕಳ್ಳ ಅಂದಾಕಿ ಅವನ ವೈನಿ ದಾನವ್ವ, ಆಕೀದ ತಪ್ಪು. ಹಿಂಗಂತ ಕೂಗು."

ಫಕ್ರುಸಾಬ ತಬ್ಬಿಬ್ಬಾದ. "ಠರಾವಿನ್ಯಾಗ ಇಂಥಾದ್ದು ಇಲ್ಲಲ್ರಿ," ಎಂದು ಅಧ್ಯಕ್ಷರ ಕಡೆ ನೋಡಿದ.

ಏಕನಾಥಸಾ ಅವರ ಕಣ್ಣು ತುಂಬಿತ್ತು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಕೂಗಪಾ," ಎಂದರು.

ಫಕ್ರುಸಾಬ ಗಂಟಲು ಸರಿಪಡಿಸಿಕೊಂಡು, ಹತ್ತಿಯ ಧಾರಣೆ ಕೂಗಿದ ದನಿಯಲ್ಲೇ, ಒಂದಕ್ಷರ ಬಿಡದೆ ಕೂಗಿದ. ಶಾಂತಯ್ಯ ಓಡಿ ಬಂದ. ಅವನ ಮುಖ ನೋಡುವಂತಿರಲಿಲ್ಲ.

"ವೈನಿ, ಸಾಕ ಬಿಡ್ರಿ. ಮಂದಿ ನೋಡಾಕತ್ತಾರ."

"ನೋಡ್ಲಿ," ಎಂದಳು ದಾನವ್ವ. "ನಾ ಪಿಸುಪಿಸು ಅಂದದ್ದು ಊರ ತುಂಬ ಮುಟ್ಟೈತಿ. ಇನ್ನೊಮ್ಮೆ ಕೂಗು ಫಕ್ರುಸಾಬಣ್ಣ, ಆ ಕಡೆ ಕೊನೀ ಚಕ್ಕಡಿಯವರಿಗೆ ಕೇಳಿಸಿಲ್ಲ."