ಎಂಟು ನಿಮಿಷದ ಓದು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಹೇಳುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳಿಗೆ ಎಲ್ಲವೂ ಮೂಗಿನ ಮೇಲೇ ಇರಬೇಕಲ್ಲ ಎಂದು ತಂಗಿ ನಗುತ್ತಿದ್ದಳು. ಆ ನಗು ಕೇಳಿ ಮೂರು ವರ್ಷವಾಗಿತ್ತು. ಅಮ್ಮ ತೀರಿಹೋದ ದಿನ ಬಾಗಿಲಲ್ಲಿ ನಿಂತವಳಿಗೆ ನೆಂಟರೆಲ್ಲರ ಮುಂದೆ, "ಈಗ ಮುಖ ತೋರಿಸೋಕೆ ಬಂದ್ಯಾ?" ಎಂದಿದ್ದೆ. ಅವಳು ಬಾಗಿಲಿನಿಂದಲೇ ಹೊರಟುಹೋಗಿದ್ದಳು.

ಹೋದ ವರ್ಷ ಇದ್ದಕ್ಕಿದ್ದಂತೆ ಅವಳಿಂದ ಫೋನಿಗೆ ಒಂದು ಲೇಖನ ಬಂತು. ಮಂಡಿನೋವಿನ ಬಗ್ಗೆ. ಜೊತೆಗೆ ಒಂದು ಮಾತಿಲ್ಲ, ಕೆಳಗೆ 'ಆರು ನಿಮಿಷದ ಓದು' ಎಂದಷ್ಟೇ ಇತ್ತು. ನನ್ನ ಮಂಡಿಯನ್ನು ನೆನಪಿಟ್ಟುಕೊಂಡಿದ್ದಾಳಲ್ಲ ಎಂದು ಕಣ್ಣು ತುಂಬಿತು. ಮರುದಿನ ಮೂರು, ಅದರ ಮರುದಿನ ಒಂಬತ್ತು. ಜೇನುಹುಳುಗಳ ನಿದ್ದೆ, ಹಳೆಯ ಸೇತುವೆಗಳು, ಕಚೇರಿಯಲ್ಲಿ ಸಭೆ ನಡೆಸುವ ಕ್ರಮ. ಗಿರಾಕಿ ಇಲ್ಲದಾಗ, ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ ಎಲ್ಲವನ್ನೂ ಓದಿದೆ. ಒಂದನ್ನು ಬಿಟ್ಟರೂ ಅವಳ ಮಾತನ್ನು ಅರ್ಧಕ್ಕೆ ತಡೆದಂತೆ ಅನ್ನಿಸುತ್ತಿತ್ತು. ಉತ್ತರ ಬರೆಯಲು ಮಾತ್ರ ಹಾಳು ಸ್ವಾಭಿಮಾನ ಬಿಡಲಿಲ್ಲ. ಓದಿ ಓದಿ ನನ್ನ ಕಣ್ಣಿನ ನಂಬರೇ ಏರಿತು.

ಒಂದು ದಿನ 'ಮನಸ್ಸಿನಲ್ಲಿ ಬಚ್ಚಿಟ್ಟ ತಪ್ಪುಗಳು' ಎಂಬ ಲೇಖನ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಇವಳಿಗೆ ಹೇಗೋ ಗೊತ್ತಾಗಿದೆ ಎಂದುಕೊಂಡೆ. ಅಮ್ಮ ಕೊನೆಯ ವಾರ "ಚಿಕ್ಕವಳನ್ನ ಕರೆಸೇ" ಎಂದು ನಾಲ್ಕು ಸಲ ಕೇಳಿದ್ದಳು. ಹಗಲು ರಾತ್ರಿ ಸೇವೆ ಮಾಡಿದವಳು ನಾನು, ಅಮ್ಮನ ಬಾಯಲ್ಲಿ ಅವಳ ಜಪ. ಹೊಟ್ಟೆ ಉರಿಯಿತು. ಅಮ್ಮನಿಗೆ "ಬರ್ತಾಳಂತೆ" ಎಂದೆ, ತಂಗಿಗೆ "ಅಮ್ಮ ಹುಷಾರಾಗ್ತಿದಾಳೆ" ಎಂದೆ. ಇದನ್ನೆಲ್ಲ ಎರಡು ಭಾನುವಾರ ಕೂತು ಪತ್ರದಲ್ಲಿ ಬರೆದು, ಕೊನೆಗೆ ಕ್ಷಮಿಸು ಎಂದು ಸೇರಿಸಿ ಫೋನಿನಲ್ಲೇ ಅವಳಿಗೆ ಕಳಿಸಿದೆ.

ಒಂದು ನಿಮಿಷವಾಗಿರಲಿಲ್ಲ, ಫೋನು ಟಿಣ್ ಎಂದಿತು. ಅವಳಿಂದಲೇ. ತೆರೆದರೆ ನನ್ನದೇ ಪತ್ರ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೆಳಗೆ 'ಎಂಟು ನಿಮಿಷದ ಓದು'. ಮುಖಕ್ಕೆ ಎಸೆದಳು, ನನಗೆ ಆಗಬೇಕಾದ್ದೇ ಆಯಿತು ಎಂದುಕೊಂಡೆ.

ಮುಂದಿನ ವಾರ ಅವಳೇ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತಳು. ಮುಖದಲ್ಲಿ ಸಿಟ್ಟೇ ಇರಲಿಲ್ಲ.

"ಕಣ್ಣು ಉರಿಯುತ್ತೆ ಕಣೇ ಅಕ್ಕ. ಬೇರೆ ಕಡೆ ಹೋಗೋಕೆ ಮನಸ್ಸು ಬರ್ಲಿಲ್ಲ."

ಪರೀಕ್ಷೆಯ ಚೌಕಟ್ಟನ್ನು ಅವಳ ಮೂಗಿನ ಮೇಲಿಟ್ಟು ಎಡಗಣ್ಣು ಮುಚ್ಚಿದೆ.

"ತುಂಬಾ ಓದ್ತೀಯಾ?" ಗಾಜು ಬದಲಿಸುತ್ತ ಕೇಳಿದೆ.

"ಓದ್ತಿದ್ದೆ. ಆಫೀಸಿನದ್ದು, ಅವರಿವರು ಕಳಿಸಿದ್ದು, ತಲೆ ಕೆಟ್ಟುಹೋಗಿತ್ತು. ಅಳಿಸೋಕೂ ಜೀವ ಒಪ್ಪಲ್ಲ. ಹೋದ ವರ್ಷ ಫೋನಿನಲ್ಲೇ ಒಂದು ಏರ್ಪಾಡು ಮಾಡ್ಕೊಂಡೆ. ಓದೋಕೆ ಎಷ್ಟು ಹೊತ್ತು ಬೇಕು ಅಂತ ಅದೇ ಲೆಕ್ಕ ಹಾಕುತ್ತೆ. ಐದು ನಿಮಿಷಕ್ಕಿಂತ ಉದ್ದದ್ದು ಯಾರು ಕಳಿಸಿದ್ರೂ ನಾನು ನೋಡೋದೇ ಇಲ್ಲ, ತಾನಾಗೇ ನಿನ್ನ ನಂಬರಿಗೆ ಹೋಗ್ಬಿಡುತ್ತೆ. ನೀನು ನನ್ನ ಬ್ಲಾಕ್ ಮಾಡಿರ್ತೀಯ, ಯಾರಿಗೂ ತೊಂದ್ರೆ ಇಲ್ಲ ಅಂದ್ಕೊಂಡೆ. ಓದ್ಬೇಕಾದ್ದರ ಪಟ್ಟಿ ಈಗ ದಿನಾ ಸೊನ್ನೆ!"

"ಮಂಡಿನೋವಿನದು?"

"ಯಾವ ಮಂಡಿ?"

ಒಂದು ವರ್ಷ ಅವಳ ಕಸದ ಬುಟ್ಟಿಯಲ್ಲಿ ಮುಖವಿಟ್ಟು ಅತ್ತಿದ್ದೆ ನಾನು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಅಯ್ಯೋ, ಓದಿದ್ಯಾ? ಮುಖ್ಯವಾದ್ದೇನಾದ್ರೂ ಇತ್ತಾ? ಎರಡು ಮಾತಲ್ಲಿ ಹೇಳ್ಬಿಡು" ಎಂದು ನಕ್ಕಳು. ಅದೇ ಹಳೆಯ ನಗು. 'ಏನಿಲ್ಲ' ಎಂದಿದ್ದರೆ ಆ ನಗು ನನಗೆ ಉಳಿಯುತ್ತಿತ್ತು. ನಾಲಿಗೆಯ ತುದಿಗೆ ಆ ಮಾತೇ ಬಂದಿತ್ತು.

"ಅಮ್ಮ ನಿನ್ನ ಕರೆಸು ಅಂದಿದ್ಲು. ನಾನು ಕರೆಸ್ಲಿಲ್ಲ."

ಗಾಜಿನ ಹಿಂದೆ ಅವಳ ಬಲಗಣ್ಣು ದೊಡ್ಡದಾಗಿ ನನ್ನನ್ನೇ ನೋಡುತ್ತಿತ್ತು.

"ಎಷ್ಟು ಸಲ ಅಂದಿದ್ಲು?"

"ನಾಲ್ಕು."

ಚೌಕಟ್ಟನ್ನು ತಾನೇ ತೆಗೆದು ಮೇಜಿನ ಮೇಲಿಟ್ಟು, ಚೀಲ ಎತ್ತಿಕೊಂಡು ಹೋದಳು.

ಅಂದಿನಿಂದ ಲೇಖನಗಳು ನಿಂತಿವೆ. ನನ್ನ ಪಟ್ಟಿಯೂ ಈಗ ದಿನಾ ಸೊನ್ನೆ. ಪತ್ರವನ್ನು ಇನ್ನೊಮ್ಮೆ ಕಳಿಸಿದೆ. ಈ ಸಲ ಅದು ವಾಪಸು ಬರಲಿಲ್ಲ, ಉತ್ತರವೂ ಬರಲಿಲ್ಲ. ಅವಳ ಕಣ್ಣು ಪರೀಕ್ಷೆಯ ಚೀಟಿ ಅಂಗಡಿಯ ಡ್ರಾಯರಿನಲ್ಲಿದೆ. ಬಲಗಣ್ಣಿನ ನಂಬರು ಬರೆದಿದ್ದೇನೆ, ಎಡಗಣ್ಣಿನ ಜಾಗ ಖಾಲಿ ಇದೆ.