ಚರ್ಚಿನ ಹಿಂಬಾಗಿಲು

ಹಿಮ ಬೀಳುವ ಉಮೆಯೊ ಊರಿನ ಚರ್ಚಿಗೆ ಮೊದಲ ಕಪ್ಪುವರ್ಣದ ಮುಖ್ಯ ಪಾದ್ರಿಯಾಗಿ ಎಸ್ತೇರ್ ಬಂದು ಎರಡು ಚಳಿಗಾಲ ಕಳೆದಿದ್ದವು. ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಮುಂಬಾಗಿಲಲ್ಲಿ ನಿಂತು ಎಲ್ಲರ ಕೈಕುಲುಕುವುದು ಅಲ್ಲಿನ ವಾಡಿಕೆ. ಮುದುಕ ಫೋಲ್ಕೆ ಮಾತ್ರ ಅಡುಗೆಮನೆಯ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಿದ್ದ. ತನ್ನ ಮಗಳನ್ನು ಮಕ್ಕಳ ಹಾಡಿನ ಗುಂಪಿಗೆ ಕರೆತಂದು, ಹಾಗೇ ಕಾಫಿ ಮಾಡಲು ನಿಲ್ಲುತ್ತಿದ್ದ ಮಾಲತಿಗೆ ಅದನ್ನು ನೋಡಿ ನೋಡಿ ಮೈ ಉರಿಯುತ್ತಿತ್ತು. ದೇವಸ್ಥಾನಕ್ಕೆ ಬಂದು, ಪೂಜೆ ನೋಡಿ, ತೀರ್ಥಕ್ಕೆ ಮಾತ್ರ ಕೈ ಒಡ್ಡದೆ ಹೋದ ಹಾಗಲ್ಲವೇ ಇದು?

"ನಿಮ್ಗೆ ಸಿಟ್ಟೇ ಬರಲ್ವಾ?" ಎಂದು ಒಂದು ದಿನ ಎಸ್ತೇರ್ ಅವರನ್ನು ಕೇಳಿಯೇಬಿಟ್ಟಳು.

"ಬರುತ್ತೆ ಮಾಲತಿ. ಆದ್ರೆ ಅವ್ರು ಒಂದು ಸಂಡೇನೂ ತಪ್ಪಿಸಲ್ವಲ್ಲ," ಎಂದರು ಎಸ್ತೇರ್.

ಮುಂದಿನ ಭಾನುವಾರ ಕೊನೆಯ ಹಾಡು ಮುಗಿಯುತ್ತಲೇ ಎಸ್ತೇರ್ ಸೀದಾ ಅಡುಗೆಮನೆಗೆ ಬಂದು, ಹಿಂಬಾಗಿಲು ತೆರೆದು ಹಿಮದಲ್ಲಿ ನಿಂತರು. ಇವತ್ತು ಅದು ಹೇಗೆ ತಪ್ಪಿಸಿಕೊಳ್ಳುತ್ತಾನೋ ನೋಡೇಬಿಡೋಣವೆಂದು ಮಾಲತಿಯೂ ಕಾದಳು. ಜನರೆಲ್ಲ ಹಾಲ್‌ನಲ್ಲಿ ಕಾಫಿಗೆ ಕೂತರು. ಎಸ್ತೇರ್ ಚಳಿಗೆ ನಡುಗತೊಡಗಿದರು. ಫೋಲ್ಕೆಯ ಸುಳಿವೇ ಇಲ್ಲ. ತಾಳ್ಮೆಗೆಟ್ಟ ಮಾಲತಿ ಮುಂಬಾಗಿಲಿಗೆ ಹೋಗಿ ಇಣುಕಿದಳು.

ಬಿಕೋ ಎನ್ನುತ್ತಿದ್ದ ಬಾಗಿಲಲ್ಲಿ ಫೋಲ್ಕೆ ಒಬ್ಬನೇ ನಿಂತಿದ್ದ. ಕೈಗವಸು ಬಿಚ್ಚಿ, ಬಲಗೈಯನ್ನು ಕೋಟಿಗೆ ತಿಕ್ಕಿ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ಮಾಲತಿಯನ್ನು ಕಂಡು ಅವನ ಮುಖ ಸಣ್ಣಗಾಯಿತು.

"ಅವ್ರು ನನ್ನ ತಪ್ಪಿಸ್ಕೊಂಡು ಹಿಂದಿನ ಬಾಗಿಲಿಂದ ಹೋಗ್ಬಿಟ್ರಾ?" ಎಂದು ಕೇಳಿದ.