ಮೂರನೆಯ ಸಲ ಕೇಳುವ ತನಕ

ನೆಲಕ್ಕಾಗಿ ಮನುಷ್ಯರು ಕಾದಾಡಿದ ದೊಡ್ಡ ಪ್ರಕರಣಗಳನ್ನೆಲ್ಲ ಯಾರಾದರೂ ಬರೆದಿಡುತ್ತಿದ್ದರೆ, ಮಿನೆಸೋಟದ ಇಂಗ್ರಿಡ್ ಸರೋವರದ ದಂಡೆಯ ರಾಜ್ಯ ಉದ್ಯಾನದಲ್ಲಿ ಬಿಡಾರ ಹೂಡುವ ಇಪ್ಪತ್ತಮೂರನೇ ನಂಬರಿನ ಜಾಗ ಸ್ಕೋಗ್ ದಂಪತಿಯ ಕೈತಪ್ಪಿದ್ದಕ್ಕೂ ಅದರಲ್ಲಿ ಒಂದು ಅಧ್ಯಾಯ ಮೀಸಲಿಡಬೇಕು. ಜಾಗವೆಂದರೆ ಎಷ್ಟು? ಒಂದು ಡೇರೆ ಹಿಡಿಸುವಷ್ಟು ನೆಲ, ಒಂದು ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಒಂದು ಬಳೆ, ಎರಡು ಬರ್ಚ್ ಮರ. ಅಲ್ಲಿಂದ ನೀರಿಗೆ ಹನ್ನೆರಡು ಹೆಜ್ಜೆ. ಇಪ್ಪತ್ತೊಂಬತ್ತು ವರ್ಷ, ಜುಲೈ ತಿಂಗಳ ಎರಡನೇ ವಾರ ಅದು ಅವರದೇ ಆಗಿತ್ತು. ಈ ವರ್ಷ ಕಾಯ್ದಿರಿಸುವ ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಲವಾನ್ ಸ್ಕೋಗ್ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕನ್ನಡಕ ಒರೆಸಿಕೊಂಡು ಗುಂಡಿ ಒತ್ತುವಷ್ಟರಲ್ಲಿ ಎಂಟು ಗಂಟೆ ಒಂದು ನಿಮಿಷವಾಗಿ, ಆ ಒಂದು ನಿಮಿಷದಲ್ಲಿ ರಾಜ್ಯ ಕೈಬದಲಾಗಿತ್ತು.

ಸಿಕ್ಕಿದ್ದು ನಲವತ್ತೊಂದು. ಸಾರ್ವಜನಿಕ ಶೌಚಾಲಯದ ಗೋಡೆಗೆ ಒರಗಿದ ಜಾಗ. ಒಳಗೆ ಕೈ ಒಣಗಿಸುವ ಯಂತ್ರ ಯಾರಾದರೂ ಗುಂಡಿ ಒತ್ತಿದಾಗಲೆಲ್ಲ ಭೋರೆನ್ನುತ್ತಿತ್ತು. ಅದು ಭೋರೆಂದಾಗಲೆಲ್ಲ ಲವಾನ್ ಕಣ್ಣು ಮುಚ್ಚಿ ಇಪ್ಪತ್ತಮೂರರಲ್ಲಿ ಕೂತವನನ್ನು ನೆನೆಯುತ್ತಿದ್ದಳು.

ಕೂತವನ ಹೆಸರು ವಿನ್ಸ್ ಪಲಾಡಿನೊ. ನ್ಯೂಜೆರ್ಸಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಮನೆಯಷ್ಟು ದೊಡ್ಡ ಗಾಡಿ, ಅದರ ಹಿಂದೆ ಎಳೆದು ತಂದ ಕೆಂಪು ಮೋಟಾರು ದೋಣಿ, ಎರಡು ಹೊಲ ದಾಟಿ ಕೇಳಿಸುವ ದನಿ. ಬಂದ ದಿನವೇ ಅವನು ಲವಾನಳಿಗೆ ಕೈಬೀಸಿ, ಇಲ್ಲಿನ ಸೊಳ್ಳೆಗಳಿಗೆ ಬಸ್ ಪಾಸು ಕೊಡಬೇಕಾಗುತ್ತದೆ ಎಂದಿದ್ದ. ಲವಾನ್ ನಕ್ಕಿದ್ದಳು. ಅವಳ ಕಡೆಯವರು ಮನಸ್ಸಿನಲ್ಲಿ ಏನೇ ಇದ್ದರೂ ನಗುವವರು.

ಅವಳ ಕಡೆಯವರ ಇನ್ನೊಂದು ಪದ್ಧತಿಯನ್ನೂ ಇಲ್ಲಿ ಹೇಳಬೇಕು. ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೆಯ ಸಲ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೆಯ ಸಲ, ನೀವು ಅಷ್ಟು ಹೇಳೋದಾದರೆ ಎಂದು ತಲೆ ತಗ್ಗಿಸಿ ತೆಗೆದುಕೊಳ್ಳಬೇಕು. ಕಾಫಿಯಾದರೂ ಅಷ್ಟೆ, ಮೂತ್ರಪಿಂಡವಾದರೂ ಅಷ್ಟೆ. ಲವಾನಳ ತಾಯಿಯ ಚಿಕ್ಕಪ್ಪನ ಮಗನೊಬ್ಬ ಯಾರದೋ ಶವಸಂಸ್ಕಾರದ ಊಟದಲ್ಲಿ ಹೋಳಿಗೆಯಷ್ಟಗಲದ ಸೇಬಿನ ಪೈ ತುಂಡನ್ನು ಮೊದಲ ಸಲ ಕೇಳಿದಾಗಲೇ ಇಸಿದುಕೊಂಡಿದ್ದ. ಅದಾಗಿ ಅರವತ್ತು ವರ್ಷವಾಗಿದೆ. ತೀರಿಕೊಂಡವರು ಯಾರೆಂಬುದು ಮರೆತುಹೋಗಿದೆ, ಪೈ ಮರೆತಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹಾರ್ಲನ್ ಮೀನು ಹಿಡಿಯಲು ಹೊರಟ. ಲವಾನಳ ಗಂಡ, ಎಪ್ಪತ್ತೊಂದು ವರ್ಷ, ಹಾಲಿನ ಡೈರಿ ಮಾರಿದ ಮೇಲೆ ಮಾತು ಇನ್ನೂ ಕಡಿಮೆ ಮಾಡಿದವನು. ಅವನದು ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿ, ಅದಕ್ಕೆ ಹೊಲಿಗೆ ಯಂತ್ರದಷ್ಟು ಸದ್ದು ಮಾಡುವ ಪುಟ್ಟ ಮೋಟಾರು. ನಾಲ್ಕಕ್ಕೆ ಬರುತ್ತೇನೆ ಎಂದು ಹೇಳಿ, ಥರ್ಮಾಸು ಹಿಡಿದು ಹೋದ.

ನಾಲ್ಕೂವರೆಗೆ ಲವಾನ್ ದಂಡೆಯ ಬೆಂಚಿನ ಮೇಲೆ ಕೂತಿದ್ದಳು. ನಾಲ್ಕೂ ಮುಕ್ಕಾಲಿಗೆ ಗಾಳಿ ನಿಂತಿತು. ಬೆಳಿಗ್ಗೆಯಿಂದ ಕೂಗುತ್ತಿದ್ದ ನೀರುಹಕ್ಕಿಗಳು ಯಾರೋ ಬಾಯಿಗೆ ಬಟ್ಟೆ ತುರುಕಿದಂತೆ ಸುಮ್ಮನಾದವು. ಪಶ್ಚಿಮದಲ್ಲಿ ಆಕಾಶ ಪೆಟ್ಟು ಬಿದ್ದು ನಾಲ್ಕು ದಿನವಾದ ಚರ್ಮದ ಬಣ್ಣಕ್ಕೆ ತಿರುಗಿತ್ತು, ಹಳದಿ ಬೆರೆತ ಹಸಿರು. ಡೈರಿಯಲ್ಲಿ ನಲವತ್ತು ವರ್ಷ ಕಳೆದವಳಿಗೆ ಆ ಬಣ್ಣದ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂಥ ಆಕಾಶ ಒಮ್ಮೆ ಅವರ ಕೊಟ್ಟಿಗೆಯ ಮಾಡನ್ನು ಪಕ್ಕದ ಊರಿನಲ್ಲಿ ಇಳಿಸಿತ್ತು.

ಉದ್ಯಾನದ ಕಾವಲುಗಾರ್ತಿ ಟ್ರಕ್ಕಿನಲ್ಲಿ ಬಂದಳು. ಬಿರುಗಾಳಿಯ ಎಚ್ಚರಿಕೆ ಬಂದಿದೆ, ಇಪ್ಪತ್ತೈದು ನಿಮಿಷ ಇದೆ, ಎಲ್ಲರೂ ಕಲ್ಲಿನ ಗೋಡೆಯ ಶೌಚಾಲಯಕ್ಕೆ ಹೋಗಿ ಎಂದು ಪ್ರತಿ ಜಾಗದ ಮುಂದೂ ನಿಂತು ಹೇಳುತ್ತಿದ್ದಳು. ಲವಾನಳನ್ನು ಕಂಡು ಕಿಟಕಿಯಿಂದ ತಲೆ ಹೊರಹಾಕಿ, ನಿಮ್ಮವರೆಲ್ಲ ಇದ್ದಾರಾ ಎಂದು ಕೇಳಿದಳು. ಆ ಹುಡುಗಿಗೆ ಇನ್ನೂ ಐವತ್ತು ಜಾಗ ಸುತ್ತುವುದಿತ್ತು. ಪಾಪ ಅನ್ನಿಸಿ ಲವಾನ್ ಹೇಳಿದಳು, ಇದ್ದಾರೆ, ಈಗ ಬರ್ತಾರೆ. ಟ್ರಕ್ಕು ಮುಂದೆ ಹೋಯಿತು. ಅದರ ಹಿಂದಿನ ದೀಪ ತಿರುವಿನಲ್ಲಿ ಮರೆಯಾದ ಮೇಲೆ ತಾನು ಏನು ಹೇಳಿದೆ ಎಂಬುದು ಅವಳಿಗೆ ಹೊಳೆಯಿತು.

ಅವಳು ಎದ್ದು ನಲವತ್ತೊಂದಕ್ಕೆ ಹೋದಳು, ಬೈನಾಕ್ಯುಲರ್ ತರಲು. ಅಲ್ಲಿ, ಬಟ್ಟೆ ಒಣಹಾಕಿದ ಹಗ್ಗದ ಮೇಲೆ, ಎರಡು ಟವೆಲುಗಳ ನಡುವೆ ಹಾರ್ಲನ್‌ನ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ನೇತಾಡುತ್ತಿತ್ತು. ಬೆಳಿಗ್ಗೆ ಅವಳೇ ಒಗೆದು ಹಾಕಿದ್ದು. ಅವನು ಅದನ್ನು ಎಂದೂ ತೊಡುವವನಲ್ಲ, ದೋಣಿಯಲ್ಲಿ ಕುಂಡೆಯಡಿ ಹಾಸಿಕೊಳ್ಳುವವನು. ಆದರೂ ಅದು ದೋಣಿಯಲ್ಲಿರುತ್ತಿತ್ತು. ಲವಾನ್ ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಪೂರ್ತಿ ಒಣಗಿತ್ತು. ಬೈನಾಕ್ಯುಲರ್ ಮರೆತು, ಅದನ್ನೇ ಹಿಡಿದು ಹೊರಟಳು.

ಮತ್ತೆ ದಂಡೆಗೆ ಬಂದಾಗ ವಿನ್ಸ್ ತನ್ನ ಗಾಡಿಯ ಮುಂದಿನ ಬಟ್ಟೆಯ ಚಪ್ಪರ ಸುತ್ತುತ್ತಿದ್ದ. ಅವಳ ಕೈಯಲ್ಲಿನ ಜಾಕೆಟ್ಟನ್ನು ನೋಡಿದ, ನೀರನ್ನು ನೋಡಿದ.

"ನಿಮ್ಮ ಯಜಮಾನ್ರು ಇನ್ನೂ ಅಲ್ಲೇ ಇದಾರಾ? ನನ್ನ ದೋಣಿ ರೆಡಿ ಇದೆ. ಹೋಗಿ ಕರ್ಕೊಂಡ್ ಬರ್ಲಾ?"

ದೇವರೇ, ಹೌದು, ಈಗಲೇ, ಓಡಿ ಎಂದು ಲವಾನಳ ಒಳಗಿದ್ದದ್ದೆಲ್ಲ ಕೂಗಿತು. ಬಾಯಿ ಅರವತ್ತೆಂಟು ವರ್ಷದ ಅಭ್ಯಾಸ ಬಿಡಲಿಲ್ಲ.

"ಅಯ್ಯೋ, ಬೇಡ ಬೇಡ. ನೀವ್ಯಾಕೆ ಸುಮ್ನೆ."

"ಸರಿ ಹಾಗಾದ್ರೆ," ಎಂದ ವಿನ್ಸ್. ಅಂದವನೇ ಚಪ್ಪರದ ಕಡೆ ತಿರುಗಿಕೊಂಡ.

ಲವಾನ್ ಕಾದಳು. ಈಗ ತಿರುಗುತ್ತಾನೆ, ನಿಜವಾಗಲೂ ಬೇಡವಾ ಎನ್ನುತ್ತಾನೆ. ವಿನ್ಸ್ ಒಂದು ಕಂಬ ಮಡಚಿದ. ಈಗ ತಿರುಗುತ್ತಾನೆ. ಇನ್ನೊಂದು ಕಂಬ ಮಡಚಿದ. ನ್ಯೂಜೆರ್ಸಿಯಲ್ಲಿ ಬೇಡ ಅಂದರೆ ಬೇಡ ಎಂದೇ ಅರ್ಥ. ಅಲ್ಲಿ ಬಸ್ಸಿನಿಂದ ಇಳಿಯುವುದಿಲ್ಲ ಅಂದವನನ್ನು ಮೂರು ಸಲ ಕೇಳುತ್ತ ನಿಂತರೆ ಹಿಂದಿನ ಗಾಡಿಯವರು ಬಿಡುವುದಿಲ್ಲ. ಇದು ಲವಾನಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ನೀರಿನ ಬಣ್ಣ ಸೀಸದಂತಾಯಿತು, ಧ್ವಜಸ್ತಂಭದ ಹಗ್ಗ ಕಂಬಕ್ಕೆ ಟಣ್ ಟಣ್ ಎಂದು ಬಡಿಯಲು ಶುರುಮಾಡಿತು ಎಂಬುದಷ್ಟೆ.

ಆಮೇಲೆ ಅವಳು ಮಾಡಿದ್ದನ್ನು ಅವಳ ಊರಿನವರಲ್ಲದೆ ಬೇರೆ ಯಾರೂ ಮಾಡಲಾರರು. ನಲವತ್ತೊಂದಕ್ಕೆ ಓಡಿ, ನಿನ್ನೆ ಮಾಡಿದ ನಿಂಬೆಯ ಸಿಹಿಯಿದ್ದ ತಟ್ಟೆ ತೆಗೆದುಕೊಂಡು, ಅದರ ಮೇಲಿನ ತೆಳು ಹಾಳೆಯನ್ನು ಸರಿಯಾಗಿ ಮುಚ್ಚಿ, ಮತ್ತೆ ಓಡಿ ಬಂದು ವಿನ್ಸನ ಮುಂದೆ ಹಿಡಿದಳು. ಎರಡನೆಯ ಸಲ ಕೇಳಲು ಒಂದು ಸಂದರ್ಭ ಬೇಕಲ್ಲ ಅವನಿಗೆ. ವಿನ್ಸ್ ಅವಳನ್ನೂ, ತಟ್ಟೆಯನ್ನೂ, ಅವಳ ಹಿಂದಿದ್ದ ಆಕಾಶವನ್ನೂ ನೋಡಿ, ಮೊದಲ ಸಲಕ್ಕೇ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡ. ತುಂಬ ಚೆನ್ನಾಗಿದೆ ಎಂದ. ಇನ್ನೊಂದು ತೆಗೆದುಕೊಂಡ.

"ಗಾಳಿ ಸ್ವಲ್ಪ ಎದ್ದ ಹಾಗಿದೆ," ಎಂದಳು ಲವಾನ್. ಜಾಕೆಟ್ಟು ಇನ್ನೂ ಅವಳ ತೋಳಿನಲ್ಲೇ ಇತ್ತು.

ಹೌದು, ಎದ್ದಿದೆ, ಎಂದ ವಿನ್ಸ್. ಬೇಗ ಒಳಗೆ ಹೋಗಿ ಎಂದೂ ಹೇಳಿದ.

ಹಾರ್ಲನ್‌ಗೆ ಗಾಳಿ ಆಗಿ ಬರುವುದಿಲ್ಲ ಎಂದಳು. ವಿನ್ಸ್ ಅಯ್ಯೋ ಪಾಪ ಎಂದ. ಅವನ ದೋಣಿ ಚಿಕ್ಕದು ಎಂದಳು. ವಿನ್ಸ್ ತಲೆಯಾಡಿಸಿದ. ದೂರದಲ್ಲಿ ಗುಡುಗು ಖಾಲಿ ಪೀಪಾಯಿ ಉರುಳಿಸಿದಂತೆ ಉರುಳಿತು, ಉರುಳಿ ನಿಲ್ಲಲಿಲ್ಲ. ಆಚೆ ದಂಡೆಯ ಪೈನ್ ಮರಗಳು ಒಂದೊಂದಾಗಿ ಬಿಳಿಯ ಮಳೆಯ ಹಿಂದೆ ಅಳಿಸಿಹೋಗುತ್ತಿದ್ದವು. ಹಾರ್ಲನ್ ಇದ್ದದ್ದು ಆ ಕಡೆ. ನೀರು ಮೂಗಿಗೆ, ಬಾಯಿಗೆ ಹೊಕ್ಕುವುದು, ಅವನ ಚೌಕಳಿ ಅಂಗಿ ಬೆನ್ನ ಮೇಲೆ ಗುಳ್ಳೆಯಂತೆ ಉಬ್ಬುವುದು ಅವಳ ಕಣ್ಣಿಗೆ ಕಟ್ಟಿತು. ಕಟ್ಟಿದ್ದು ಹೋಗಲಿಲ್ಲ.

ತಟ್ಟೆ ಕೆಳಗೆ ಬಿತ್ತು.

"ನನ್ನ ಗಂಡನ್ನ ಕರ್ಕೊಂಡ್ ಬನ್ನಿ," ಎಂದಳು. ಇನ್ನೊಬ್ಬರಿಗೆ ಇಷ್ಟು ನೇರವಾಗಿ ಅವಳು ಎಂದೂ ಏನನ್ನೂ ಹೇಳಿರಲಿಲ್ಲ. "ಅವ್ರ ಹತ್ರ ಜಾಕೆಟ್ ಇಲ್ಲ. ನನಗೆ ತುಂಬಾ ಭಯ ಆಗ್ತಿದೆ."

ವಿನ್ಸ್ ಬಾಯಲ್ಲಿದ್ದದ್ದನ್ನು ನುಂಗಿದ. "ಬೇಡ ಅಂದ್ರಲ್ಲ ಮೇಡಂ," ಎಂದ, ಅಷ್ಟರಲ್ಲಾಗಲೇ ನೀರಿನ ಕಡೆ ಓಡುತ್ತ. "ಎಲ್ಲಿದಾರೆ ಅವ್ರು?"

ಇದೂ ಸುಲಭದ ಪ್ರಶ್ನೆಯಲ್ಲ. ಆಚೆ ದಂಡೆಯ ಕಡೆಯ ಬೋಳು ದ್ವೀಪದ ಹಿಂದೆ ನೀರಿನಡಿ ಒಂದು ಬಂಡೆಯ ಸಾಲಿತ್ತು. ಅದನ್ನು ಹಾರ್ಲನ್‌ನ ಅಪ್ಪ ಕಂಡುಹಿಡಿದದ್ದು. ವಾಲೈ ಮೀನು ಅಲ್ಲಿ ಸಂತೆ ನೆರೆದಂತೆ ನೆರೆಯುತ್ತದೆಂಬುದನ್ನು ಹಾರ್ಲನ್ ಸ್ವಂತ ಅಳಿಯನಿಗೂ ಹೇಳಿರಲಿಲ್ಲ, ಅವನು ಪಕ್ಕದ ರಾಜ್ಯ ವಿಸ್ಕಾನ್ಸಿನ್ನಿನವನು. ಲವಾನ್ ಹೇಳಿಬಿಟ್ಟಳು. ಹೇಳಿದರೆ ಸಾಲದು, ಬಂಡೆ ತಪ್ಪಿಸಿ ಹೋಗುವ ದಾರಿ ತೋರಿಸಬೇಕು ಎಂದು ತಾನೂ ದೋಣಿ ಹತ್ತಿದಳು. ವಿನ್ಸ್ ಅವಳ ಕೈಯಲ್ಲಿದ್ದ ಹಾರ್ಲನ್‌ನ ಜಾಕೆಟ್ಟನ್ನು ಅವಳಿಗೇ ತೊಡಿಸಿ, ಪಟ್ಟಿ ಎಳೆದು ಬಿಗಿದ.

ಕೆಂಪು ದೋಣಿ ಅಲೆಯಿಂದ ಅಲೆಗೆ ಹಾರಿ ಬೀಳುತ್ತಿತ್ತು. ಬಿದ್ದಾಗಲೆಲ್ಲ ಲವಾನಳ ಹಲ್ಲು ಹಲ್ಲಿಗೆ ತಾಗುತ್ತಿದ್ದವು. ಅರ್ಧ ದಾರಿಯಲ್ಲಿ ಮಳೆ ಎದುರಿನಿಂದ ಬಂದಿತು, ಹಿಡಿ ಹಿಡಿ ಜಲ್ಲಿ ಎರಚಿದಂತೆ. ಅವಳು ಕೈ ಎತ್ತಿ ಎಡಕ್ಕೆ, ಬಲಕ್ಕೆ ಎಂದು ತೋರಿಸಿದಳು. ತನ್ನ ಬೆರಳೇ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ದ್ವೀಪದ ಮೂಗು ತಿರುಗಿದಾಗ ಮೊದಲು ಕಂಡದ್ದು ದೋಣಿ. ಮಗುಚಿತ್ತು. ಸತ್ತ ಮೀನಿನ ಹೊಟ್ಟೆಯಂತೆ ಬೆಳ್ಳಗೆ ಮೇಲೆ ಕೆಳಗೆ ಆಡುತ್ತಿತ್ತು. ಪಕ್ಕದಲ್ಲಿ ಥರ್ಮಾಸು ತೇಲುತ್ತಿತ್ತು. ಅದರಲ್ಲಿನ ಕಾಫಿಗೆ ಸಕ್ಕರೆ ಹಾಕಿದೆನೋ ಇಲ್ಲವೋ ಎಂದು ಲವಾನ್ ಯೋಚಿಸಿದಳು. ಬೇರೆ ಯಾವುದನ್ನೂ ಯೋಚಿಸಲು ಅವಳ ಮನಸ್ಸು ಒಪ್ಪಲಿಲ್ಲ. ವಿನ್ಸ್ ಮೋಟಾರಿನ ವೇಗ ಇಳಿಸಿದ. ಹಣೆಗೆ ಕೈ ಅಡ್ಡ ಹಿಡಿದು ಸುತ್ತಲೂ ನೋಡಿದ.

"ಅಲ್ಲಿ," ಎಂದ ಕೊನೆಗೆ.

ಹಾರ್ಲನ್ ಎದೆಮಟ್ಟದ ನೀರಿನಲ್ಲಿ, ತನ್ನ ಅಪ್ಪನ ಬಂಡೆಯ ಮೇಲೆ ನಿಂತಿದ್ದ. ದ್ವೀಪಕ್ಕೂ ಅವನಿಗೂ ನಡುವೆ ಆಳವಾದ ಕಪ್ಪು ನೀರು. ಪ್ರತಿ ಅಲೆಗೂ ಅವನ ಮುಖ ಮುಳುಗಿ ಮತ್ತೆ ಬರುತ್ತಿತ್ತು. ಟೋಪಿ ಮಾತ್ರ ತಲೆಯ ಮೇಲೇ ಇತ್ತು. ತುಟಿ ನೀಲಿಯಾಗಿತ್ತು. ವಿನ್ಸ್ ಹಗ್ಗ ಎಸೆದ. ಹಗ್ಗ ಹಾರ್ಲನ್‌ನ ಭುಜದ ಪಕ್ಕ ಬಿತ್ತು.

ಹಾರ್ಲನ್ ಹಗ್ಗವನ್ನು ನೋಡಿದ, ಕೆಂಪು ದೋಣಿಯನ್ನು ನೋಡಿದ, ಅದು ಯಾರದೆಂದು ಗುರುತಿಸಿದ.

"ಬೇಡ ಬೇಡ," ಎಂದ, ಹಲ್ಲು ಕಟಕಟಿಸುತ್ತ. "ನೀವ್ಯಾಕೆ ತೊಂದ್ರೆ ತಗೋತೀರಿ. ಗಾಳಿ ಇಳಿದ್ ಮೇಲೆ ನಾನೇ ಬರ್ತೀನಿ."

ಅಲೆಯೊಂದು ಅವನ ಮಾತಿನ ಕೊನೆಯನ್ನು ನುಂಗಿತು. ಹಗ್ಗ ತೇಲಿ ದೂರವಾಗುತ್ತಿತ್ತು. ವಿನ್ಸ್ ಲವಾನಳ ಕಡೆ ತಿರುಗಿದ. ಅವನ ಮುಖದಲ್ಲಿ, ಮನುಷ್ಯ ಬೇಡ ಅನ್ನುತ್ತಿದ್ದಾನಲ್ಲ ಎಂಬ ನಿಜವಾದ ಗೊಂದಲವಿತ್ತು. ಅದನ್ನು ನೋಡಿದಾಗ ಆ ಮಧ್ಯಾಹ್ನದ ಎಲ್ಲ ಭಯಕ್ಕಿಂತ ದೊಡ್ಡ ಭಯ ಲವಾನಳಿಗೆ ಆಯಿತು. ತನ್ನ ಗಂಡ ಸಭ್ಯತೆಯಿಂದ ಸಾಯಲಿದ್ದಾನೆ, ಕಣ್ಣೆದುರಿಗೇ.

"ಹಾರ್ಲನ್ ಸ್ಕೋಗ್," ಎಂದಳು. ಕೂಗಲಿಲ್ಲ. ಪೂರ್ತಿ ಹೆಸರು ಹಿಡಿದು ಅವಳು ಅವನನ್ನು ಕರೆದದ್ದು ಮದುವೆಯ ದಿನ ಒಮ್ಮೆ, ಟ್ರ್ಯಾಕ್ಟರನ್ನು ಹಳ್ಳಕ್ಕೆ ಇಳಿಸಿದಾಗ ಇನ್ನೊಮ್ಮೆ. "ಹಗ್ಗ ಹಿಡಿ."

ಹಾರ್ಲನ್ ಹಗ್ಗ ಹಿಡಿದ.

ಅವನನ್ನು ಎಳೆದು ದೋಣಿಗೆ ಹಾಕಿಕೊಳ್ಳುವಷ್ಟರಲ್ಲಿ ವಿನ್ಸ್, ಲವಾನ್ ಇಬ್ಬರ ಅಂಗೈಯೂ ಸುಲಿದಿತ್ತು. ವಾಪಸ್ಸಿನ ದಾರಿಯಲ್ಲಿ ಮಿಂಚು ನೀರಿಗೆ ಎರಡು ಸಲ ಹೊಡೆಯಿತು. ಎರಡು ಸಲವೂ ಲವಾನ್ ಗಂಡನ ತಲೆಯನ್ನು ತನ್ನ ಮಡಿಲಿಗೆ ಒತ್ತಿದಳು, ಮಡಿಲೇ ಕಲ್ಲಿನ ಗೋಡೆಯೋ ಎಂಬಂತೆ. ಶೌಚಾಲಯದೊಳಗೆ ಐವತ್ತು ಅರವತ್ತು ಜನ ಒದ್ದೆ ನಾಯಿಗಳೊಂದಿಗೆ ಕಿಕ್ಕಿರಿದಿದ್ದರು. ಕಾವಲುಗಾರ್ತಿ ಹಾರ್ಲನ್‌ನನ್ನು ನೋಡಿ, ಆಮೇಲೆ ಲವಾನಳನ್ನು ನೋಡಿದಳು. ಲವಾನ್ ನೆಲ ನೋಡಿದಳು. ವಿನ್ಸ್ ಜನರನ್ನು ಬಸ್ಸಿನಲ್ಲಿ ಹಿಂದೆ ತಳ್ಳುವ ದನಿಯಲ್ಲಿ ತಳ್ಳಿ ಜಾಗ ಮಾಡಿ, ಹಾರ್ಲನ್‌ನನ್ನು ಕೈ ಒಣಗಿಸುವ ಯಂತ್ರದ ಕೆಳಗೆ ನಿಲ್ಲಿಸಿದ. ಅದು ಭೋರೆಂದಿತು. ಮಾಡಿನ ಮೇಲೆ ಏನೇನೋ ಬಿದ್ದು ಉರುಳುತ್ತಿದ್ದ ಮುಕ್ಕಾಲು ಗಂಟೆಯೂ ಲವಾನ್ ಅದರ ಗುಂಡಿಯನ್ನು ಒತ್ತುತ್ತಲೇ ಇದ್ದಳು. ಒಮ್ಮೆ ಅದು ನಿಂತು, ಒತ್ತಿದರೂ ಬರದೆ, ಆಮೇಲೆ ಬಂತು.

ಬೆಳಿಗ್ಗೆ ಬಿಸಿಲಿತ್ತು. ಹಾರ್ಲನ್ ಎರಡು ಕಂಬಳಿ ಹೊದ್ದು ಮೇಜಿನ ಮುಂದೆ ಕೂತಿದ್ದ. ತನ್ನ ದೋಣಿಯದ್ದಕ್ಕಿಂತ ಬಂಡೆಯ ಗುಟ್ಟಿನ ಚಿಂತೆಯೇ ಅವನಿಗೆ ಹೆಚ್ಚಾಗಿತ್ತು. ನ್ಯೂಜೆರ್ಸಿ ದೂರ ಇದೆ ಎಂದು ಲವಾನ್ ಸಮಾಧಾನ ಹೇಳಿದ್ದಳು. ವಿನ್ಸ್ ಕಾಫಿ ಲೋಟ ಹಿಡಿದು ಬಂದ. ಇಪ್ಪತ್ತಮೂರು ನಿಮ್ಮದಂತೆ, ಇಪ್ಪತ್ತೊಂಬತ್ತು ವರ್ಷದಿಂದ, ಕಾವಲುಗಾರ್ತಿ ಹೇಳಿದಳು, ಎಂದ.

"ಅದಲು ಬದಲು ಮಾಡ್ಕೊಳ್ಳೋಣ್ವಾ?"

"ಅಯ್ಯೋ, ಬೇ..." ಎಂದು ಹಾರ್ಲನ್ ಶುರುಮಾಡಿದ.

"ಹೂಂ, ಬೇಕು," ಎಂದಳು ಲವಾನ್.

ಹಾರ್ಲನ್‌ನ ಕಿವಿ ಕೆಂಪಾದವು. ಅವನು ಹೆಂಡತಿಯ ಕಡೆಗೆ, ಹಿಂದಿನ ದಿನ ಅಲೆಯನ್ನೂ ನೋಡಿರದಷ್ಟು ಗಾಬರಿಯಿಂದ ನೋಡಿದ.

ಹತ್ತು ಗಂಟೆಯೊಳಗೆ ಸ್ಕೋಗ್ ದಂಪತಿ ಇಪ್ಪತ್ತಮೂರಕ್ಕೆ ಬಂದರು. ವಿನ್ಸ್ ನಲವತ್ತೊಂದಕ್ಕೆ ಹೋದ.